ಲಕ್ಷಬತ್ತಿಗೆ ಎಷ್ಟು ಟವೆಲ್?

ಮೂರು ದಿನದಿಂದ ನಮ್ಮತ್ತೆ ಮಾವನ ಜೊತೆ ಮಾತು ಬಿಟ್ಟಿದ್ದಾರೆ. ಹೇಳಬೇಕಾದ್ದನ್ನೆಲ್ಲ ಎಂಟು ವರ್ಷದ ಮೊಮ್ಮಗಳ ಬಾಯಲ್ಲಿ ಹೇಳಿಸುತ್ತಾರೆ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ಪುಟ್ಟಿಯ ಕನ್ನಡ ಅಡುಗೆಮನೆಯಿಂದ ಹೊರಡುವಾಗ ಒಂದಾಗಿದ್ದು, ಹಾಲ್ ತಲುಪುವಾಗ ಇನ್ನೊಂದಾಗಿರುತ್ತದೆ. ಇವತ್ತು ಬೆಳಿಗ್ಗೆ ಅತ್ತೆ, "ಕಾಫಿ ಬೇಕಾದ್ರೆ ತಾವೇ ಕಾಸ್ಕೊಳ್ಳಲಿ ಅಂತ ಹೇಳು ನಿಮ್ಮಜ್ಜಂಗೆ" ಅಂದರು. ಪುಟ್ಟಿ ಓಡಿಹೋಗಿ, "ಅಜ್ಜ, ಕಾಫಿ ಬೇಕಾದ್ರೆ ಕಾಸು ಕೊಡ್ಬೇಕಂತೆ" ಎಂದಳು. ಮಾವ ಮರುಮಾತಾಡದೆ ಜೇಬಿನಿಂದ ಎರಡು ಕ್ವಾರ್ಟರ್ ನಾಣ್ಯ ತೆಗೆದು ಕಳಿಸಿದರು. ಅತ್ತೆ ಅದನ್ನು ಇಸಕೊಂಡರು. ಕಾಫಿ ಕೊಡಲಿಲ್ಲ.

ಇಷ್ಟಕ್ಕೆಲ್ಲ ಮೂಲ ನಮ್ಮನೆ ಡ್ರೈಯರ್. ಅಲ್ಲ, ಪಾಪ, ಅದರದ್ದೇನೂ ತಪ್ಪಿಲ್ಲ ಅಂತ ಈಗ ಸಾಬೀತಾಗಿದೆ.

ನಾನು ಸೊರಬದ ಕಡೆಯವಳು, ಆನವಟ್ಟಿ ಹತ್ತಿರ. ಗಂಡ ಶಿಕಾರಿಪುರ. ಮದುವೆ ಮಾತುಕತೆಗೆ ನೀವೇ ಮೊದಲು ಬನ್ನಿ ಅಂತ ಎರಡೂ ಕಡೆಯವರು ಪಟ್ಟು ಹಿಡಿದಿದ್ದರಿಂದ ನಡುವೆ ಇರುವ ಶಿರಾಳಕೊಪ್ಪದ ನೆಂಟರ ಮನೆಯಲ್ಲಿ ಕೂತು ಮುಗಿಸಿದರು. ಶಿರಾಳಕೊಪ್ಪವೂ ಶಿಕಾರಿಪುರ ತಾಲ್ಲೂಕೇ ಅಲ್ಲವಾ ಅಂತ ಅಪ್ಪನಿಗೆ ನೆನಪಾದದ್ದು ತಾಂಬೂಲ ಬದಲಾಯಿಸಿದ ಮೇಲೆ. ಆ ಸೋಲಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಈಗ ನನ್ನ ಎರಡನೇ ಬಾಣಂತನಕ್ಕೆ ಒಬ್ಬರಾದ ಮೇಲೆ ಒಬ್ಬರು ಬರಬೇಕಿದ್ದ ಎರಡು ಜೋಡಿ, ಯಾರು ಮೊದಲು ಅನ್ನುವ ತಕರಾರು ತೀರದೆ, ಒಂದೇ ವಾರದಲ್ಲಿ ಬಂದಿಳಿದಿವೆ. ಊಟದ ಮೇಜಿನಲ್ಲಿ ಅಪ್ಪ, "1990ರಲ್ಲಿ ನಮ್ಮ ಬಂಗಾರಪ್ಪನೋರು ಮುಖ್ಯಮಂತ್ರಿ ಆದಾಗ..." ಅಂತ ಶುರುಮಾಡಿದರೆ, ಮಾವ ಮಜ್ಜಿಗೆ ಸುರಿದುಕೊಳ್ಳುತ್ತಾ, "ನಮ್ಮ ಯಡಿಯೂರಪ್ಪನೋರು ನಾಲ್ಕು ಸಲ ಪ್ರಮಾಣವಚನ ತಗೊಂಡೋರು" ಅನ್ನುತ್ತಾರೆ. ಇದು ದಿನಾ ಇದ್ದದ್ದೇ. ಒಂದು ದಿನ ನಡೆಯದಿದ್ದರೆ ಯಾರಿಗೋ ಮೈ ಸರಿಯಿಲ್ಲ ಅಂತ ಅರ್ಥ.

ಮಾವ ಬಂದ ಮೊದಲ ದಿನವೇ ಡ್ರೈಯರಿನ ಮುಂದೆ ನಿಂತು ಕೇಳಿದ್ದು: "ಬಟ್ಟೆ ಆರಿಸೋಕೆ ಕರೆಂಟಾ?" ಹಿತ್ತಲಲ್ಲಿ ಹಗ್ಗ ಕಟ್ಟಲು ಹೊರಟವರನ್ನು ತಡೆದು ಕೂರಿಸಿದೆವು. ನಮ್ಮ ಬಡಾವಣೆಯ ಅಸೋಸಿಯೇಷನ್ನಿಗೆ ಬಟ್ಟೆ ಹೊರಗೆ ಹರವುವುದು ಆಗಿಬರುವುದಿಲ್ಲ. ಫ್ಲಾರಿಡಾ, ವರ್ಮಾಂಟ್‌ಗಳಲ್ಲಿ ಹಗ್ಗಕ್ಕೆ ಅಡ್ಡಿಮಾಡಬಾರದು ಅಂತ ಕಾನೂನೇ ಇದೆ ಎಂದು ಗಂಡ ಬುದ್ಧಿವಂತನ ಹಾಗೆ ಹೇಳಿದ. "ಮತ್ತೆ ಅಲ್ಲೇ ಮನೆ ತಗೋಬೇಕಿತ್ತಪ್ಪ" ಎಂದರು ಮಾವ.

ನನಗೇನು ಈ ಯಂತ್ರದ ಮೇಲೆ ಪ್ರೀತಿ ಉಕ್ಕಿಹರಿಯುತ್ತಿಲ್ಲ. ಮಳೆಗಾಲದಲ್ಲಿ ಬಚ್ಚಲೊಲೆ ಮೇಲಿನ ಗಳಕ್ಕೆ ಹಾಕಿದ ಬಟ್ಟೆ ಆರಿದೆಯೋ ಇಲ್ಲವೋ ಅಂತ ಅಮ್ಮ ಕೆನ್ನೆಗೊತ್ತಿ ನೋಡುತ್ತಿದ್ದಳು. ಅರೆಬರೆ ಒಣಗಿದ, ಹೊಗೆ ವಾಸನೆಯ ಯೂನಿಫಾರಂ ತೊಟ್ಟೇ ನಾನು ಹತ್ತನೇ ಕ್ಲಾಸು ಮುಗಿಸಿದ್ದು. ಅಮ್ಮ ಇಲ್ಲೂ ಡ್ರೈಯರಿನಿಂದ ತೆಗೆದ ಪ್ರತಿ ಬಟ್ಟೆಯನ್ನು ಕೆನ್ನೆಗೆ ಒತ್ತುತ್ತಾಳೆ. ಹಾಗಾಗಿ ಕಾಯಿಲೆ ಮೊದಲು ಕಂಡುಹಿಡಿದವಳು ಅವಳೇ. "ಮಾರಾಯ್ತಿ, ಇದು ಥಂಡಿ ಥಂಡಿ ಇದ್ದು ಬರ್ತಾ ಇದೆ, ಎಂತ ಆಗಿದೆ ನೋಡಿ" ಅಂದಳು ಕಳೆದ ಬುಧವಾರ.

ಡ್ರೈಯರಿಗೆ ಏನೇ ಆದರೂ ಮೊದಲು ನೋಡಬೇಕಾದ್ದು ಜುಂಗು ಹಿಡಿಯುವ ಜಾಲರಿಯನ್ನು. ಬಟ್ಟೆಯಿಂದ ಉದುರುವ ನೂಲಿನ ಧೂಳು ಅಲ್ಲಿ ಕಂಬಳಿಯ ಹಾಗೆ ಕೂರುತ್ತದೆ, ಗಾಳಿ ಕಟ್ಟುತ್ತದೆ, ಬಟ್ಟೆ ಒಣಗುವುದಿಲ್ಲ. ಗಂಡ ಜಾಲರಿ ಎಳೆದು ನೋಡಿದ. ಫಳಫಳ ಹೊಳೆಯುತ್ತಿತ್ತು. ಹತ್ತು ವರ್ಷದ ಸಂಸಾರದಲ್ಲಿ ನಮ್ಮ ಜಾಲರಿ ಅಷ್ಟು ಚೊಕ್ಕಟ ಇದ್ದದ್ದಿಲ್ಲ. "ನೋಡು, ನಿಮ್ಮಮ್ಮ ಬಂದಮೇಲೆ ಎಷ್ಟು ಚೆನ್ನಾಗಿ ನೋಡ್ಕೊಂಡಿದಾರೆ" ಎಂದು ತನ್ನ ಅತ್ತೆಯನ್ನು ಮನಸಾರೆ ಹೊಗಳಿದ. ಅಮ್ಮ ಯಾಕೋ ತಲೆ ತಗ್ಗಿಸಿದಳು. ನಾಚಿಕೆ ಅಂದುಕೊಂಡೆ.

ಆಗಲೇ ನನಗೆ ತಲೆ ಓಡಬೇಕಿತ್ತು. ತಿಂಗಳಿಂದ ಮನೆಯಲ್ಲಿ ಟವೆಲ್ಲುಗಳು ಕಪಾಟಿನಲ್ಲಿ ನಿಲ್ಲುತ್ತಿರಲಿಲ್ಲ. ಮಡಿಸಿಟ್ಟ ಒಗೆದ ಟವೆಲ್ಲು ಮಧ್ಯಾಹ್ನಕ್ಕೆ ಮಾಯ, ಸಂಜೆಗೆ ಬೆಚ್ಚಗೆ ವಾಪಸ್ಸು. ಮಗುವಿದ್ದ ಮನೆ, ಅಮ್ಮನಿಗೆ ಶುಚಿಯ ಚಿಂತೆ ಎಂದು ಸುಮ್ಮನಿದ್ದೆ. ಇನ್ನೊಂದು ಸೋಜಿಗವೂ ನಡೆಯಿತು. ಪಕ್ಕದ ಮನೆಯಾಕೆ ನಾಯಿ ತಿರುಗಾಡಿಸುತ್ತಾ ನಿಂತು, "ನಿಮ್ಮ ಪಕ್ಕದ ಗೋಡೆಯ ಗಾಳಿ ತುಂಬಿದ ಅಲಂಕಾರ ಬಹಳ ಚೆನ್ನಾಗಿದೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕಾ?" ಎಂದು ಕೇಳಿದಳು. ಹ್ಯಾಲೋವೀನಿನಿಂದ ಕ್ರಿಸ್‌ಮಸ್‌ವರೆಗೆ ಇಲ್ಲಿಯ ಅಂಗಳಗಳಲ್ಲಿ ಗಾಳಿ ತುಂಬಿದ ಭೂತ, ಟರ್ಕಿಕೋಳಿ, ಹಿಮದ ಗೊಂಬೆಗಳದ್ದೇ ಸಾಲು. ಬೇರೆ ಯಾರದೋ ಮನೆ ಅಂದುಕೊಂಡಿರಬೇಕು ಎಂದು ಥ್ಯಾಂಕ್ಯೂ ಹೇಳಿ ಒಳಗೆ ಬಂದೆ. ಇವತ್ತು ಆ ಥ್ಯಾಂಕ್ಯೂ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಗುರುವಾರ ಗಂಡ ವಿಡಿಯೋ ನೋಡತೊಡಗಿದ. ಒಂದೇ ಸಲಕ್ಕೆ ಜಾಸ್ತಿ ತುಂಬಿದ್ದೀರಿ ಎಂದಿತು ವಿಡಿಯೋ. ನಿಜವೇ: ಬಾಗಿಲು ತೆಗೆದರೆ ಬೆಡ್‌ಶೀಟು ಉಳಿದ ಬಟ್ಟೆಯನ್ನೆಲ್ಲ ನುಂಗಿ ದೊಡ್ಡ ಕಡುಬಾಗಿ ಕೂತಿತ್ತು, ಹೂರಣದ ಜಾಗದಲ್ಲಿ ಮಾವನ ಬನಿಯನ್ನು. ಅರ್ಧ ತೆಗೆದು ಓಡಿಸಿದೆವು. ಥಂಡಿ. ಡ್ರಮ್ಮಿನೊಳಗೆ ತೇವ ಅಳೆಯುವ ಎರಡು ಲೋಹದ ಪಟ್ಟಿ ಇರುತ್ತವೆ, ಬಟ್ಟೆಯ ಜೊತೆ ಹಾಕುವ ಘಮಘಮ ಹಾಳೆಯ ಮೇಣ ಅದಕ್ಕೆ ಹತ್ತಿದರೆ ಯಂತ್ರ ಮೋಸಹೋಗಿ ಬೇಗ ನಿಲ್ಲುತ್ತದೆ ಎಂದಿತು ಮುಂದಿನ ವಿಡಿಯೋ. ಒರೆಸಿದ. ಥಂಡಿ. ನಿಂತಾಗಲೆಲ್ಲ ಮತ್ತೆ ಗುಂಡಿ ಒತ್ತಿದ, ನಾಲ್ಕು ಸಲ. "ನಾಲ್ಕು ಸಲ ಸ್ಟಾರ್ಟ್ ಮಾಡೋದು ಶಿಕಾರಿಪುರದ ಪದ್ಧತಿನೇ ಇರಬೇಕು" ಎಂದು ಅಪ್ಪ ಬಹಳ ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, ಹೇಳಿದರು. ಅಳಿಯ ನಕ್ಕ. ಬೀಗರು ನಗಲಿಲ್ಲ.

ಶನಿವಾರ ಡ್ರಮ್ಮು ತಿರುಗಿತು, ಬಿಸಿ ಪೂರ್ತಿ ನಿಂತಿತು. ಈಗ ಅಪ್ಪನ ಸಮಯ ಬಂತು. ಅಪ್ಪ ಐವತ್ತು ವರ್ಷ ಪಂಪ್‌ಸೆಟ್ ಕಟ್ಟಿಕೊಂಡು ಬದುಕಿದವರು. ಬಂಗಾರಪ್ಪನವರ ಕಾಲದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಟ್ಟಿಯಾದ ಮೇಲೆ ಕರೆಂಟು ಇರದಿರುವುದು ಹೇಗೆ ಎಂಬುದನ್ನೂ ಅಷ್ಟೇ ಚೆನ್ನಾಗಿ ಕಲಿತವರು. ಕಿವಿಗೊಟ್ಟು ಕೇಳಿ, "ಒಂದು ಫೇಸ್ ಹೋಗಿದೆ" ಎಂದು ತೀರ್ಪು ಕೊಟ್ಟರು. ಗಂಡ ನಗುವುದರಲ್ಲಿದ್ದ. ಆಮೇಲೆ ನೋಡಿದರೆ ವಿಡಿಯೋದವನೂ ಅದನ್ನೇ ಹೇಳಬೇಕೇ! ಇಲ್ಲಿಯ ಕರೆಂಟ್ ಡ್ರೈಯರಿಗೆ 240 ವೋಲ್ಟ್ ಎರಡು ತಂತಿಯಲ್ಲಿ ಬರುತ್ತದೆ. ಡ್ರಮ್ಮು ತಿರುಗಿಸುವ ಮೋಟಾರಿಗೆ 120 ಸಾಕು, ಬಿಸಿಗೆ ಎರಡೂ ಬೇಕು. ಒಂದು ಕೈಕೊಟ್ಟರೆ ಬಟ್ಟೆ ತಣ್ಣಗೆ ಉರುಳುತ್ತಾ ಇರುತ್ತದೆ, ಅಷ್ಟೇ. ಗಂಡ ನೆಲಮಾಳಿಗೆಗೆ ಹೋಗಿ ಬ್ರೇಕರ್ ಇಳಿಸಿ ಏರಿಸಿ ಬಂದ. ಏನೂ ಆಗಲಿಲ್ಲ. ಆದರೆ ವಿಡಿಯೋದವನು ತನ್ನ ಪಕ್ಷ ಎಂಬ ಹೆಮ್ಮೆ ಅಪ್ಪನಿಗೆ ರಾತ್ರಿಯವರೆಗೂ ಇತ್ತು.

ಹಿಂದಿನ ತಗಡು ಬಿಚ್ಚಿ ಮೀಟರ್ ಹಿಡಿದಾಗ ಸಿಕ್ಕಿತು: ಥರ್ಮಲ್ ಫ್ಯೂಸ್ ಸತ್ತಿತ್ತು. ಒಳಗೆ ಕಾವು ಮಿತಿಮೀರಿದರೆ ತಾನು ಸತ್ತು ಮನೆ ಉಳಿಸುವ, ಹೆಬ್ಬೆರಳಿನಷ್ಟು ಉದ್ದದ ಬಿಳಿ ತುಂಡು. ಒಂದು ಸಲ ಹೋದರೆ ಹೊಸದೇ ಹಾಕಬೇಕು. "ಅದಕ್ಯಾಕೆ ಕಾಯ್ಬೇಕು, ಒಂದು ತಾಮ್ರದ ಎಳೆ ಕಟ್ಟಿದ್ರೆ ಮುಗೀತು" ಎಂದರು ಅಪ್ಪ. ಮಾವ ಹೌದೆಂದು ತಲೆಯಾಡಿಸಿದರು. ಶಿಕಾರಿಪುರ ಮತ್ತು ಸೊರಬ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ನನ್ನ ಮದುವೆಯ ಮೇಲೆ ಅದೇ ಮೊದಲು. ಅದೂ ಮನೆ ಸುಡುವ ವಿಷಯದಲ್ಲಿ. ಗಂಡ ಇಬ್ಬರನ್ನೂ ಕೂರಿಸಿ, ಅಮೆರಿಕದಲ್ಲಿ 2008ರಿಂದ 2010ರವರೆಗೆ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರಿನಿಂದ ಬೆಂಕಿ ಬಿದ್ದ ಸರ್ಕಾರಿ ಲೆಕ್ಕ ಓದಿದ. ಜುಂಗು ತೆಗೆಯದಿರುವುದೇ ಅದರಲ್ಲಿ ಮುಖ್ಯ ಕಾರಣವಂತೆ. ಅಮ್ಮನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಫ್ಯೂಸು ಆರ್ಡರ್ ಮಾಡಿ ಆಯಿತು. ಆ ಎರಡು ದಿನ ಮೆಟ್ಟಿಲ ಕಟಾಂಜನ, ಕುರ್ಚಿಯ ಬೆನ್ನು, ಬಾಗಿಲ ತುದಿ, ಎಲ್ಲ ಕಡೆ ಬಟ್ಟೆ. ನವೆಂಬರಿನ ಹೀಟರ್ ಗಾಳಿಗೆ ಬೆಳಗಾಗುವುದರೊಳಗೆ ಸೀರೆ ಸಹ ಹಪ್ಪಳವಾಗಿರುತ್ತಿತ್ತು. "ಇದಕ್ಕೆ ಮಿಷನ್ ಯಾಕೆ ಬೇಕಿತ್ತು?" ಎಂದ ಅತ್ತೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅಪ್ಪ ತಲೆಗೆ ತಾಗುವ ಪಂಚೆಯನ್ನು ಸರಿಸಿಕೊಂಡು ಸೋಫಾದಲ್ಲಿ ಕೂತು, "ಬೀಗರೇ, ನಿಮ್ಮ ಉಡುತಡಿಯವಳೇ ಅಲ್ವಾ ಅಕ್ಕಮಹಾದೇವಿ? ಹನ್ನೆರಡನೇ ಶತಮಾನದಲ್ಲೇ ಈ ಬಟ್ಟೆ ರಗಳೆಯೇ ಬೇಡ ಅಂತ ಬಿಟ್ಟು ನಡೆದಳು. ನಿಮ್ಮ ತಾಲ್ಲೂಕಲ್ಲಿ ಬುದ್ಧಿ ಇದ್ದವಳು ಅವಳೊಬ್ಬಳೇ" ಎಂದರು. ಮಾವನಿಗೆ ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಅರ್ಧ ಗಂಟೆ ಮೌನವಾಗಿದ್ದರು.

ಆದರೆ ಫ್ಯೂಸು ಯಾಕೆ ಸತ್ತಿತು? ಬಿಸಿಗಾಳಿ ಹೊರಗೆ ಹೋಗಲು ದಾರಿ ಸಿಗದಿದ್ದರೆ ಹೀಗಾಗುತ್ತದೆ, ಕಾರಣ ಹುಡುಕದೆ ಹೊಸದು ಹಾಕಿದರೆ ಅದೂ ಸಾಯುತ್ತದೆ. ಹಿಂದಿನ ಕೊಳವೆ ಬಿಚ್ಚಿ ನೋಡಿದರೆ ಖಾಲಿ. ಹಾಗಾದರೆ ಹೊರಗೋಡೆಯ ಬಾಯಿಯಲ್ಲೇ ಏನೋ ಇದೆ. "ಹಕ್ಕಿ" ಎಂದರು ಅಪ್ಪ. ಗುಡವಿ ಪಕ್ಷಿಧಾಮ ಇರುವುದು ಸೊರಬ ತಾಲ್ಲೂಕಿನಲ್ಲಿ, ಆದ್ದರಿಂದ ಪ್ರಪಂಚದ ಯಾವ ಹಕ್ಕಿಯ ಬಗ್ಗೆಯೂ ಮಾತಾಡುವ ಹಕ್ಕು ಅವರಿಗಿದೆ. "ಬೆಚ್ಚಗಿನ ಜಾಗ ಕಂಡರೆ ಬಿಡ್ತಾವಾ? ಗೂಡು ಕಟ್ಟಿವೆ." ಇದೂ ನಡೆಯದ ಮಾತಲ್ಲ, ಇಲ್ಲಿ ಹಕ್ಕಿಗಳು ಡ್ರೈಯರಿನ ಬಾಯಲ್ಲಿ ಗೂಡು ಕಟ್ಟುವುದುಂಟು. ಗಂಡ ಟಾರ್ಚು ಹಿಡಿದು ಹೊರಟ. ಹಿಂದೆ ಪುಟ್ಟಿ, ಅಪ್ಪ, ಶಾಲು ಸುತ್ತಿಕೊಂಡು ನಾನು. ಮಾವ ಮಾತ್ರ ಹೊರಡಲಿಲ್ಲ. "ಚಳಿ" ಎಂದರು. ದಿನಾ ಸಂಜೆ ಮಂಕಿಕ್ಯಾಪು ಹಾಕಿಕೊಂಡು ಅದೇ ಗೋಡೆ ಪಕ್ಕ ಅರ್ಧ ಗಂಟೆ ನಿಲ್ಲುವ ಮನುಷ್ಯ!

ಗೋಡೆಯ ಮೇಲೆ ಒಂದು ಲಂಗವಿತ್ತು.

ಗಿಳಿಹಸಿರು. ಅತ್ತೆಯದು. ಡ್ರೈಯರಿನ ಬಾಯಿಯ ಮುಚ್ಚಳಕ್ಕೆ ಲಾಡಿ ಬಿಗಿದು ಎರಡು ಗಂಟು ಹಾಕಿತ್ತು, ಕೆಳಗಿನ ಅಂಚನ್ನು ಒಟ್ಟು ಮಾಡಿ ಸೆಣಬಿನ ಹುರಿಯಿಂದ ಕಟ್ಟಿತ್ತು. ಈಗ ಗಾಳಿ ಇಲ್ಲದೆ ಜೋತುಬಿದ್ದಿತ್ತು. ಯಂತ್ರ ಓಡುವಾಗ ಅದು ಹೇಗೆ ಉಬ್ಬಿ, ನೆಲಕ್ಕೆ ಸಮವಾಗಿ, ರಸ್ತೆಯ ಕಡೆಗೆ ಮುಖಮಾಡಿ, ಹಬೆ ಬಿಡುತ್ತಾ ನಿಂತಿರಬೇಕು ಎಂಬುದು ನನ್ನ ಕಣ್ಣೆದುರು ಬಂತು. ಗಾಳಿ ತುಂಬಿದ ಅಲಂಕಾರ. ಥ್ಯಾಂಕ್ಸ್‌ಗಿವಿಂಗಿಗೆ. ನಾನು ಹಿಮದ ನೆಲದ ಮೇಲೇ ಕೂತುಬಿಟ್ಟೆ. ಹೊಲಿಗೆ ನೋಯುತ್ತದೆ, ನಗಬಾರದು ಅಂತ ಡಾಕ್ಟರು ಹೇಳಿದ್ದು ಆಮೇಲೆ ನೆನಪಾಯಿತು. ಪುಟ್ಟಿ, "ಅಜ್ಜಿ ಗೋಡೆ ಒಳಗೆ ಸಿಕ್ಕಾಕೊಂಡಿದಾಳಾ?" ಎಂದು ಗಾಬರಿಯಿಂದ ಕೇಳಿದಳು. ಅಪ್ಪ ಟಾರ್ಚು ಇಸಕೊಂಡು ಲಂಗವನ್ನು ಮೇಲಿಂದ ಕೆಳಗೆ ನೋಡಿ, ಗಂಭೀರವಾಗಿ ಅಂದರು: "ಸೊರಬದ ಹಕ್ಕಿ ಅಲ್ಲ ಇದು."

ಗಂಡ ಗಂಟು ಬಿಚ್ಚಿದ. ಒಳಗಿಂದ ಎರಡು ಸೇರಿನಷ್ಟು ಒದ್ದೆ ಜುಂಗು ಮುದ್ದೆಮುದ್ದೆಯಾಗಿ ಬಿತ್ತು.

ಆಮೇಲೆ ಒಳಗೆ ನಡೆದ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಹೀಗಿದೆ. ಅಮ್ಮ ಈ ಕಾರ್ತಿಕದಲ್ಲಿ ದೇವರಿಗೆ ಲಕ್ಷಬತ್ತಿ ಹಚ್ಚುವ ಹರಕೆ ಹೊತ್ತಿದ್ದಳು. ನನ್ನ ಹೆರಿಗೆ ಸುಸೂತ್ರ ಆದರೆ ಎಂದು. ಆದರೆ ಬಾಣಂತಿ ಲೇಹ್ಯದ ಡಬ್ಬಿಗಳಿಗೆ ಜಾಗ ಮಾಡಲು ಹೋಗಿ ಬಿಡಿಸಿಟ್ಟ ಹತ್ತಿಯ ಗಂಟು ಊರಲ್ಲೇ ಉಳಿಯಿತು. ಇಲ್ಲಿಯ ಅಂಗಡಿಯ ಹತ್ತಿ ಉಂಡೆ ಕಂಡು "ಬಣ್ಣ ಅಳಿಸ್ಕೊಳ್ಳೋ ಹತ್ತಿ ದೇವರಿಗಾ?" ಎಂದಳು. ಆಗ ಡ್ರೈಯರಿನ ಜಾಲರಿಯಲ್ಲಿ ದರ್ಶನವಾಯಿತು, ಮೆತ್ತಗೆ, ಹಾಳೆ ಹಾಳೆಯಾಗಿ. ಅಮ್ಮ ಅದಕ್ಕೆ ಅರಳೆ ಎಂದು ಹೆಸರಿಟ್ಟಳು. ಅತ್ತೆ ಮೊದಲಿಗೆ ತಕರಾರು ತೆಗೆದರು: "ಏನ್ರೀ ಬೀಗಿತ್ತಿ, ನಿಮ್ಮ ಅಳಿಯನ ಕಾಲುಚೀಲದ ಬತ್ತಿನಾ ದೇವರಿಗೆ?" ಮಾತಿನಲ್ಲಿ ನ್ಯಾಯವಿತ್ತು. ಜೀನ್ಸಿನ ಬತ್ತಿ ನೀಲಿ, ಕಂಬಳಿಯದ್ದು ಹೊಸೆದರೆ ನಿಲ್ಲುವುದಿಲ್ಲ. ಕಡೆಗೆ ಒಪ್ಪಂದವಾಯಿತು: ಬಿಳಿ ಟವೆಲ್ಲು ಮಾತ್ರ, ಅದೂ ಯಾರೂ ಬಳಸದ್ದು. ಒಗೆದ ಟವೆಲ್ಲನ್ನು ಮತ್ತೆ ಒಗೆದು, ಒಣಗಿಸಿ, ಜುಂಗು ಕೊಯ್ಲು ಮಾಡಿ, ಮಧ್ಯಾಹ್ನ ನಾನೂ ಮಗುವೂ ಮಲಗಿದ್ದಾಗ ಇಬ್ಬರೂ ಎದುರುಬದುರು ಕೂತು ಹೊಸೆಯುತ್ತಿದ್ದರು. ನೂರರ ಕಟ್ಟು, ಪ್ರತಿ ಕಟ್ಟಿಗೂ ದಾರ. ಅತ್ತೆಯ ಮಂಚದ ಕೆಳಗಿನ ಶೂ ಡಬ್ಬಿಯಲ್ಲಿ ಒಂಬತ್ತು ಸಾವಿರ ಬತ್ತಿ ಸಿಕ್ಕವು. ಟವೆಲ್ಲುಗಳು ಮಾತ್ರ ಸೊಳ್ಳೆಪರದೆಯಷ್ಟು ತೆಳ್ಳಗಾಗಿದ್ದವು.

ಈ ವೇಗದಲ್ಲಿ ಲಕ್ಷ ಮುಟ್ಟುವುದಿಲ್ಲ ಎಂದು ಲೆಕ್ಕ ಹಾಕಿದವರು ಮಾವ, ನಿವೃತ್ತ ಗಣಿತದ ಮೇಷ್ಟ್ರು. ಜಾಲರಿ ತಪ್ಪಿಸಿಕೊಂಡ ಅರಳೆ ಹೊರಗೋಡೆಯಲ್ಲಿ ಹಾರಿಹೋಗುವುದನ್ನು ಸಂಜೆ ನಿಂತು ನೋಡುತ್ತಿದ್ದವರೂ ಅವರೇ. "ವೇಸ್ಟ್ ಆಗ್ತಿತ್ತು" ಎಂದರು. ಚೀಲ ಯಾಕೆ ಕಟ್ಟಲಿಲ್ಲ, ಲಂಗವೇ ಯಾಕೆ ಎಂದರೆ, "ಲಾಡಿ ಇತ್ತು. ಸೊಂಟದ ಅಳತೆ ಕರೆಕ್ಟಾಗಿ ಕೂತಿತು" ಎಂದುಬಿಟ್ಟರು. ಆ ಕೊಳವೆ ನಾಲ್ಕಿಂಚಿನದ್ದು. ಅತ್ತೆ, "ನಂದು ನಾಲ್ಕಿಂಚಿನ ಸೊಂಟನಾ? ಮದುವೆಯಾದಾಗಿಂದ ನೋಡಿದ್ದು ಇಷ್ಟೇನಾ?" ಎಂದರು. ಒಂದು ತಿಂಗಳಿಂದ ಶಿಕಾರಿಪುರದ ಮಾನ ಅಮೆರಿಕದ ಬೀದಿಗೆ ಹಬೆ ಬಿಟ್ಟುಕೊಂಡು ನಿಂತಿತ್ತು ಎಂಬುದು ಅವರ ಎರಡನೆಯ ದೂರು. ಮಾವ ತಿದ್ದಿದರು: ತಿಂಗಳಲ್ಲ, ಹನ್ನೊಂದು ದಿನ. ಹುಚ್ಚರಾಯಸ್ವಾಮಿ ಆಣೆಗೂ ಹನ್ನೊಂದೇ. ಮಾತು ನಿಂತದ್ದು ಅಲ್ಲಿಗೇ.

ಗಂಡ ಒಂದು ಬತ್ತಿಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಹೊರಗೆ ಹಚ್ಚಿ ತೋರಿಸಿದ. ಭಗ್ಗೆಂದು ಎದ್ದು ಕ್ಷಣದಲ್ಲಿ ಬೂದಿಯಾಯಿತು. "ನೋಡಿದ್ರಾ? ಇದು ಮಂಚದ ಕೆಳಗೆ ಒಂಬತ್ತು ಸಾವಿರ ಇತ್ತು!" ಅಮ್ಮ ಬಿಟ್ಟಗಣ್ಣಿನಿಂದ ಅಳಿಯನನ್ನೇ ನೋಡಿ ಅಂದಳು: "ಹತ್ತಿಕೊಳ್ಳಲಿ ಅಂತಲೇ ಅಲ್ವೇನಪ್ಪಾ ಬತ್ತಿ ಮಾಡೋದು?" ಅವನ ಹತ್ತಿರ ವಿಡಿಯೋ ಇರಲಿಲ್ಲ ಇದಕ್ಕೆ.

ನಿನ್ನೆ ಹೊಸ ಫ್ಯೂಸು ಬಂತು, ಗಾಳಿಯ ದಾರಿ ಬಿಟ್ಟಿತು, ಬಟ್ಟೆ ಗರಿಗರಿ ಆಯಿತು. ಎಡಿಸನ್ ಊರಿನ ನಮ್ಮವರ ಅಂಗಡಿಯಲ್ಲಿ ಪೂಜೆಯ ಹತ್ತಿ ಸಿಗುತ್ತದೆ, ತಂದುಕೊಟ್ಟಿದ್ದೇನೆ. ಅಮ್ಮ, ಅತ್ತೆ ಮತ್ತೆ ಒಂದರಿಂದ ಎಣಿಸುತ್ತಿದ್ದಾರೆ. ಗಂಡ ಓದಿ ಹೇಳಿದ್ದು ಮಾವನಿಗೆ ಬಹಳ ಹಿಡಿಸಿದೆ: ನಾರ್ತ್ ಡಕೋಟಾದ ರಾಸ್ ಮೂರ್ ಎಂಬಾತ, ತನ್ನ ತಾಯಿ ಹಿಮದಲ್ಲಿ ಬಟ್ಟೆ ಹರವುವುದನ್ನು ನೋಡಲಾರದೆ ಒಲೆಯ ಪಕ್ಕ ಡ್ರಮ್ಮು ಕೂರಿಸಿದನಂತೆ, ಅದೇ ಬೆಳೆದು 1938ರಲ್ಲಿ ವಿಸ್ಕಾನ್ಸಿನ್ನಿನ ಹ್ಯಾಮಿಲ್ಟನ್ ಕಂಪನಿಯ ಡ್ರೈಯರಾಗಿ ಮಾರುಕಟ್ಟೆಗೆ ಬಂತಂತೆ. "ಬಚ್ಚಲೊಲೆನೇ ಅಂದಂಗಾಯ್ತು" ಎಂದರು ಮಾವ. ದಿನಾ ಗೋಡೆ ಪಕ್ಕ ನಿಲ್ಲುವುದು ಯಾಕೆಂದು ಆಮೇಲೆ ಹೇಳಿದರು, ಅದೂ ನನಗಲ್ಲ, ಪುಟ್ಟಿಗೆ: ಆ ಒದ್ದೆ ಬಿಸಿಗಾಳಿ ಮುಖಕ್ಕೆ ಬಡಿದರೆ ಹಂಡೆ ಮುಂದೆ ಕೂತ ಹಾಗಾಗುತ್ತದೆ, ಹೊಗೆ ಒಂದು ಕಮ್ಮಿ.

ಈಗಲೂ ಅಲ್ಲೇ ನಿಂತಿದ್ದಾರೆ. ಕಿಟಕಿಯಿಂದ ಮಂಕಿಕ್ಯಾಪಿನ ತುದಿ ಕಾಣುತ್ತಿದೆ. ಅತ್ತೆ ಲೋಟದಲ್ಲಿ ಕಾಫಿ ಬಗ್ಗಿಸಿ ಪುಟ್ಟಿಯ ಕೈಗೆ ಕೊಟ್ಟರು, "ಒಲೆ ಮುಂದೆ ನಿಂತೋರಿಗೆ ಕೊಟ್ಟು ಬಾ" ಎಂದು. ಜೊತೆಗೆ ಬೆಳಗಿನ ಎರಡು ಕ್ವಾರ್ಟರಿನಲ್ಲಿ ಒಂದು ವಾಪಸ್ಸು ಹೋಯಿತು. ಇನ್ನೊಂದು ಹೊಸ ಲಾಡಿಗಂತೆ.